ಹಗೇವಿನ ದೀಪ

“ಆ ಕಂದೀಲ ಹಿಡಕೊಂಡು ಏನ್ ಮಾಡ್ತಿ ಬೀರಣ್ಣಾ? ಚಿಮಣಿ ಎಣ್ಣಿ ಬರೂದು ಬಂದಾಗಿ ಎಷ್ಟ ವರ್ಷ ಆತು! ಒಗಿ ಅದನ್ನ. ಹಗೇವಿನ್ಯಾಗ ಇದನ್ನ ಬಿಡೂಣು ನೋಡು, ಗುಂಡಿ ಒತ್ತಿದ್ರ ಹಗಲ ಆಕ್ಕೈತಿ.”

ಪಡಸಾಲೆಯಲ್ಲಿ ನಿಂತ ಗುರಪ್ಪ ಗುಂಡಿ ಒತ್ತಿದ. ನಿನ್ನೆಯಷ್ಟೇ ಸಿಂದಗಿಯಿಂದ ತಂದ ಎಲ್‌ಇಡಿ ದೀಪ ಭಗ್ಗನೆ ಬೆಳಗಿತು. ಎದುರಿಗಿದ್ದ ಬೀರಣ್ಣ ಕಣ್ಣು ಕಿರಿದು ಮಾಡಿ ನಕ್ಕ. ಗಾಜು ಸೀಳಿದ ಹಳೆಯ ಕಂದೀಲು ಮೂಲೆ ಸೇರಿತು.

ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದ ಸೊಸೆ ಸುವರ್ಣಾಳ ಕೈ ಹಿಟ್ಟಿನ ಮೇಲೆಯೇ ನಿಂತುಬಿಟ್ಟಿತು. ಕರೆಂಟು ಹೋದಾಗ ಬೇಕಾದೀತೆಂದು ಮಾವ ದೀಪ ತಂದಿದ್ದಾನೆ ಎಂದುಕೊಂಡಿದ್ದಳು. ಹಗೇವಿಗೆ ತಂದದ್ದೆಂದು ಈಗ ಗೊತ್ತಾಯಿತು. ಹಂಚಿನ ಮೇಲಿನ ರೊಟ್ಟಿ ಹೊತ್ತಿದ ವಾಸನೆ ಬಂದಾಗಲೇ ಅವಳಿಗೆ ಎಚ್ಚರ.

ಮನೆಯ ಹಿತ್ತಲಲ್ಲಿ ಗುರಪ್ಪನ ಅಜ್ಜನ ಕಾಲದ ಹಗೇವು ಇತ್ತು. ಜೋಳ ತುಂಬಿಡಲು ನೆಲದೊಳಗೆ ತೋಡಿದ ಗುಂಡಿ ಅದು. ಬಾಯಿ ಒಬ್ಬ ಆಳು ಹಿಡಿಸುವಷ್ಟು, ಹೊಟ್ಟೆ ಮಾತ್ರ ಒಂದು ಕೋಣೆಯಷ್ಟು. ಒಂದು ಕಾಲಕ್ಕೆ ಊರಲ್ಲಿ ಮನೆಗೊಂದು ಹಗೇವು ಇತ್ತಂತೆ. ಈಗ ಕೆಲವು ಪಾಯಖಾನೆಯ ಗುಂಡಿಗಳಾಗಿವೆ, ಕೆಲವುಗಳ ಮೇಲೆ ಮೋಟರ್‌ಸೈಕಲ್ಲುಗಳು ನಿಲ್ಲುತ್ತವೆ. ಬಳಕೆಯಲ್ಲಿ ಉಳಿದದ್ದು ಗುರಪ್ಪನದೊಂದೇ, ಹಾಳೂರಿಗೆ ಉಳಿದವನೇ ಗೌಡ ಎಂಬಂತೆ ಅವನಿಗೆ ಅದೇ ಒಂದು ಹಿರಿಮೆ. ನಾಲ್ಕು ವರ್ಷದ ಹಿಂದೆ ಅರ್ಧ ಜೋಳ ತೆಗೆದು ಮುಚ್ಚಿದ್ದ. ಉಳಿದರ್ಧ ಮಠದ ದಾಸೋಹಕ್ಕೆ ಕೊಡುತ್ತೇನೆಂದು ಮಾತು ಕೊಟ್ಟು, ನಿನ್ನೆ ಸಂಜೆ ಬಾಯಿಯ ಚಪ್ಪಡಿ ಸರಿಸಿದ್ದ.

ಚಪ್ಪಡಿ ಸರಿಸಿದ ಮೇಲೆ ಒಂದು ರಾತ್ರಿ ಬಿಡಬೇಕು, ಮರುದಿನ ಹಗ್ಗಕ್ಕೆ ಕಂದೀಲು ಕಟ್ಟಿ ಇಳಿಬಿಡಬೇಕು, ದೀಪ ಉರಿದರೆ ಆಳು ಇಳಿಯಬೇಕು, ಆರಿದರೆ ಇಳಿಯಬಾರದು. ಇದು ಊರಿಗೆಲ್ಲ ಗೊತ್ತಿದ್ದ ಪದ್ಧತಿ. ಯಾಕೆ ಎಂದು ಯಾರೂ ಕೇಳಿದವರಲ್ಲ. ಒಳಗಿನ ಲಕ್ಷ್ಮಿ ಒಪ್ಪಿದರೆ ದೀಪ ಉರಿಯುತ್ತದೆ ಎಂದು ಬೀರಣ್ಣನ ಅಪ್ಪ ಹೇಳುತ್ತಿದ್ದ. ಊರಿನ ಹಗೇವುಗಳಿಗೆಲ್ಲ ಅವನೇ ಇಳಿಯುತ್ತಿದ್ದ, ಆದ್ದರಿಂದ ಅವನ ಮಾತೇ ಕೊನೆ. ಅವನು ತೀರಿಕೊಂಡು ವರ್ಷವಾಗಿತ್ತು. ಕುರಿ ಕಾಯುವ ಬೀರಣ್ಣ ಇಂದು ಮೊದಲ ಸಲ ಅಪ್ಪನ ಕೆಲಸಕ್ಕೆ ಇಳಿಯುವವನಿದ್ದ.

ಯಾಕೆ ಎಂಬುದು ಸುವರ್ಣಾಳಿಗೆ ಗೊತ್ತಿತ್ತು. ಜೋಳವೂ ಉಸಿರಾಡುತ್ತದೆ. ಮುಚ್ಚಿದ ಗುಂಡಿಯಲ್ಲಿ ನಾಲ್ಕು ವರ್ಷ ಉಸಿರಾಡಿ ಒಳ್ಳೆಯ ಗಾಳಿಯನ್ನೆಲ್ಲ ಮುಗಿಸಿರುತ್ತದೆ. ಕೆಟ್ಟ ಗಾಳಿ ಭಾರ, ಅದು ಬಾವಿಯ ನೀರಿನ ಹಾಗೆ ತಳದಲ್ಲಿ ನಿಂತುಬಿಡುತ್ತದೆ. ಅದರಲ್ಲಿ ಕಂದೀಲು ಆರುತ್ತದೆ. ಬ್ಯಾಟರಿಯ ದೀಪಕ್ಕೆ ಗಾಳಿಯ ಹಂಗಿಲ್ಲ. ಅದು ಹೆಣದ ಪಕ್ಕದಲ್ಲೂ ಹೀಗೇ ಉರಿಯುತ್ತದೆ.

ಗೊತ್ತಿದ್ದವಳು ಎದ್ದು ಹೋಗಿ ಹೇಳಬೇಕಿತ್ತು. ಹೇಳಲಿಲ್ಲ.

ಸುವರ್ಣಾ ಮುದ್ದೇಬಿಹಾಳ ಕಡೆಯ ಹುಡುಗಿ. ರಸಾಯನಶಾಸ್ತ್ರದಲ್ಲಿ ವಿಶ್ವವಿದ್ಯಾಲಯಕ್ಕೇ ಮೊದಲಿಗಳಾಗಿ ಚಿನ್ನದ ಪದಕ ಪಡೆದವಳು. ದೊಡ್ಡ ಸಂಶೋಧನಾಲಯದಲ್ಲಿ ಎರಡು ವರ್ಷ ಇದ್ದು, ಬೇಡವೆನಿಸಿ ಬಿಟ್ಟು ಬಂದು, ಇಂಡಿ ಪಟ್ಟಣದ ಕಾಲೇಜಿಗೆ ಪಾಠ ಮಾಡಲು ಹೋಗುವ, ಗುರಪ್ಪನ ಮಗ ಸಂಜೀವಕುಮಾರನನ್ನು ಮದುವೆಯಾಗಿದ್ದಳು. ಅವಳು ಓದನ್ನೆಲ್ಲ ಮೂಲೆಗಿಟ್ಟದ್ದು ಮಾವನಿಗೆ ನುಂಗಲಾರದ ತುತ್ತು. “ನಮ್ಮ ಸೊಸಿ ಹಗೇವ್ನ್ಯಾಗಿನ ಜ್ವಾಳ ಇದ್ದಂಗ. ಮ್ಯಾಲ ತಗದ್ರ ಊರು ಉಣ್ಣತೈತಿ. ಆಕಿ ಬರಾಕ ಒಲ್ಲಳು,” ಎಂದು ಬಂದವರ ಮುಂದೆಲ್ಲ ಹೇಳುತ್ತಿದ್ದ. ಅವಳ ಎದುರಿಗೇ ಒಮ್ಮೆ, “ದೇವ್ರು ನಿನಗ ಅಂಥಾ ತಲಿ ಕೊಟ್ಟದ್ದು ರೊಟ್ಟಿ ಬಡ್ಯಾಕಲ್ಲವಾ, ಅದರಾಗ ಊರಿಂದೂ ಪಾಲೈತಿ,” ಎಂದಿದ್ದ.

ಪಾಲು ಕೊಡಲು ಅವಳು ಒಮ್ಮೆ ಹೋಗಿಯೂ ಇದ್ದಳು. ಎರಡು ವರ್ಷದ ಹಿಂದೆ, ಕೆಳಗೇರಿಯ ಬೋರಿನ ನೀರನ್ನು ತಾನೇ ಪರೀಕ್ಷೆ ಮಾಡಿ, ಇದು ಹಸುಗೂಸುಗಳಿಗೆ ವಿಷ ಎಂದು ಹೇಳಿದಳು. ಹೇಳಿದ್ದು ನಿಜವೇ ಆಗಿತ್ತು. ಬೋರು ಬಂದ್ ಆಯಿತು. ಬೇರೆ ನೀರು ಬರುವವರೆಗೆ ಹೆಂಗಸರು ಹೊಲದ ಬಾವಿಗೆ ನಡೆಯಬೇಕಾಯಿತು. ಎಂಟು ತಿಂಗಳ ಬಸುರಿ ಚಂದವ್ವ ಕೊಡ ಹೊತ್ತು ಬಾವಿಯ ಮೆಟ್ಟಿಲಲ್ಲಿ ಜಾರಿದಳು. ಅವಳು ಉಳಿದಳು, ಕೂಸು ಉಳಿಯಲಿಲ್ಲ. ಸುವರ್ಣಾಳನ್ನು ಯಾರೂ ಬಯ್ಯಲಿಲ್ಲ. ಚಂದವ್ವ ಮಾತ್ರ ಅಂದಿನಿಂದ ಅವಳ ಮುಖ ನೋಡಿರಲಿಲ್ಲ. ಅವತ್ತೇ ಸುವರ್ಣಾ ಬಾಯಿಗೆ ಬೀಗ ಹಾಕಿಕೊಂಡಳು. ತನ್ನ ತಿಳಿವಳಿಕೆ ಹೊಸ್ತಿಲು ದಾಟಿದರೆ ಯಾರ ಮನೆಯಲ್ಲಿ ಏನು ಕಳಚಿ ಬೀಳುತ್ತದೋ ಎಂದು ಅವಳಿಗೆ ಭಯ, ನಿಜವಾದ ಭಯ.

“ಅಕ್ಕಾರ, ಚಾ ಆತೇನ್ರಿ?” ಬೀರಣ್ಣನ ಹೆಂಡತಿ ಶೇವಂತೆವ್ವ ಅಡುಗೆಮನೆಯ ಬಾಗಿಲಿಗೆ ಬಂದಿದ್ದಳು. “ಇಳಿಯೂಕಿಂತ ಮೊದಲ ಒಂದ್ ಗುಟುಕು ಬೇಕಂತ ಅವಗ.”

ಸುವರ್ಣಾ ಕಪ್ಪು ಕೊಟ್ಟಳು.

“ರೊಟ್ಟಿ ಹೊತ್ತಿಸೀರಲ್ರಿ. ಜ್ವರ ಬಂದಾವೇನು?”

“ಏನಿಲ್ಲ. ಒಯ್ಯಿ, ಆರತೈತಿ.”

ಶೇವಂತೆವ್ವ ಚಹಾ ಒಯ್ದಳು. ಸುವರ್ಣಾ ಒಲೆಯ ಮುಂದೆ ಕುಳಿತು ಲೆಕ್ಕ ಹಾಕಿದಳು. ರಾತ್ರಿಯಿಡೀ ಬಾಯಿ ತೆರೆದಿತ್ತು, ಗಾಳಿಯೂ ಬೀಸಿತ್ತು. ಕೆಟ್ಟ ಗಾಳಿ ಹೋಗಿದ್ದರೂ ಹೋಗಿರಬಹುದು. ಆದರೆ ಬಾಯಿ ಕಿರಿದು, ತಳ ಆಳ. ಹೋಗಿರದಿದ್ದರೆ ಇಳಿದವನಿಗೆ ಹತ್ತು ಉಸಿರು ಸಾಕು. ಅವನನ್ನು ಎತ್ತಲು ಇನ್ನೊಬ್ಬ ಇಳಿಯುತ್ತಾನೆ, ಅವನನ್ನು ಎತ್ತಲು ಮತ್ತೊಬ್ಬ. ಲೆಕ್ಕ ಎಲ್ಲಿಗೆ ಹೋಗಿ ಮುಟ್ಟುತ್ತದೆ ಎಂದು ಅವಳ ತಲೆ ತಾನಾಗಿಯೇ ಹೇಳಿಬಿಟ್ಟಿತು. ಅಂಥ ತಲೆ ಇದ್ದದ್ದಕ್ಕೆ ಅವಳು ಅದನ್ನೇ ಶಪಿಸಿದಳು.

ಹಿತ್ತಲ ಬಾಗಿಲಿಗೆ ಬಂದು ನಿಂತಾಗ ದೀಪ ಆಗಲೇ ಕೆಳಗಿಳಿಯುತ್ತಿತ್ತು. ನೆರೆಮನೆಯ ಅಪ್ಪಾಸಾಬ ಹಗ್ಗ ಬಿಡುತ್ತಿದ್ದ. ಜರಡಿ, ಚೀಲ ಹಿಡಿದ ನಾಲ್ಕು ಹೆಂಗಸರು ಗೋಡೆಗೊರಗಿ ನಿಂತಿದ್ದರು, ಅವರಲ್ಲಿ ಚಂದವ್ವನೂ ಇದ್ದಳು. ಗುಂಡಿಯ ಬಾಯಿಯಿಂದ ಬಿಳಿ ಬೆಳಕು ಉಕ್ಕುತ್ತಿತ್ತು.

“ತಳಾ ಮುಟ್ಟಿತ್ರಿ!” ಎಂದ ಅಪ್ಪಾಸಾಬ.

“ಉರ್ಯಾಕತ್ತೈತೇನು?”

“ಏನ್ ಕೇಳ್ತೀರಿ ಸಾವಕಾರ್ರ, ಜ್ವಾಳದ ಕಾಳ ಎಣಿಸಬಹುದು!”

“ಲಕ್ಷ್ಮಿ ಒಪ್ಪಿದಳು. ಇಳಿ ಬೀರಣ್ಣಾ,” ಎಂದ ಗುರಪ್ಪ.

ಬೀರಣ್ಣ ನೆಲ ಮುಟ್ಟಿ ನಮಸ್ಕರಿಸಿ, ಸೊಂಟಕ್ಕೆ ಹಗ್ಗ ಬಿಗಿದುಕೊಂಡ. ಅಂಚಿನಲ್ಲಿ ಕುಳಿತು ಕಾಲು ಒಳಗೆ ಬಿಟ್ಟ. ಸುವರ್ಣಾ ಬಾಗಿಲ ಚೌಕಟ್ಟು ಹಿಡಿದು ನಿಂತಳು. ತಾನು ಹೇಳಿ, ಎಣ್ಣೆಯ ದೀಪ ಬಿಟ್ಟು ನೋಡಿದಾಗ ಅದು ಆರದಿದ್ದರೆ? ನಗುತ್ತಾರೆ, ನಗಲಿ. ಆರಿದರೆ? ನಾಳೆಯಿಂದ ಊರೇ ತನ್ನ ಬಾಯಿ ನೋಡುತ್ತದೆ, ಆಗ ಇನ್ನೊಬ್ಬಳು ಚಂದವ್ವ, ಮತ್ತೊಂದು ಬಾವಿ. ಬೀರಣ್ಣನ ಮೊಣಕಾಲು ಒಳಗೆ ಹೋಯಿತು. ಸೊಂಟ ಹೋಯಿತು. ಅವನು ಗೋಡೆಯ ಮೊದಲ ಮೆಟ್ಟಿನಲ್ಲಿ ಕಾಲು ಊರಿದ, ಆಮೇಲೆ ಎರಡನೆಯದರಲ್ಲಿ.

ಆಗ ಚಂದವ್ವ ತಲೆ ಎತ್ತಿ ಅವಳನ್ನು ನೋಡಿದಳು. ಎರಡು ವರ್ಷದಲ್ಲಿ ಮೊದಲ ಸಲ. ನೋಡಿದ ಕಣ್ಣು ಅಲ್ಲೇ ನಿಂತಿತು.

“ಅಕ್ಕಾರ,” ಎಂದಳು ಮೆಲ್ಲಗೆ, “ಏನರೆ ಐತೇನ್ರಿ?”

“ಇಳಿಬ್ಯಾಡಾ!”

ತನ್ನ ದನಿಗೆ ಸುವರ್ಣಾ ತಾನೇ ಬೆಚ್ಚಿದಳು. “ಬೀರಣ್ಣಾ, ಮ್ಯಾಲ ಬಾ! ಮಾವಾರ, ಅವನ್ನ ಎಳೀರಿ, ಆ ದೀಪಾ ಖರೇ ಹೇಳೂದಿಲ್ಲ!”

ಅಪ್ಪಾಸಾಬ ಗಾಬರಿಯಲ್ಲೇ ಹಗ್ಗ ಜಗ್ಗಿದ. ಬೀರಣ್ಣ ಅಂಚಿಗೆ ಬಂದು ಕುಳಿತು, “ಏನಾತ್ರಿ? ಹಾವು ಕಂಡಿತೇನು?” ಎಂದು ನಕ್ಕ.

ಸುವರ್ಣಾ ಒಳಗೆ ಓಡಿದಳು. ದೇವರಮನೆಯಲ್ಲಿ ಉರಿಯುತ್ತಿದ್ದ ಹಿತ್ತಾಳೆಯ ತೂಗುದೀಪವನ್ನು ಸರಪಳಿ ಸಮೇತ ಕಳಚಿ ತಂದಳು. ಗುರಪ್ಪ ಸೊಸೆಯ ಮುಖ ನೋಡಿ ಪಕ್ಕಕ್ಕೆ ಸರಿದ. ಸರಪಳಿಗೆ ಹಗ್ಗ ಕಟ್ಟಿ ಅವಳೇ ಇಳಿಬಿಟ್ಟಳು. ಒಂದು ಮಾರು. ಜ್ವಾಲೆ ನೆಟ್ಟಗಿತ್ತು. ಒಂದೂವರೆ ಮಾರು. ಜ್ವಾಲೆ ಕೆಂಪಾಗಿ ಸಣ್ಣಗಾಯಿತು. ಎರಡನೆಯ ಮಾರಿಗೆ, ಯಾರೋ ಬೆರಳಲ್ಲಿ ಚಿವುಟಿದಂತೆ ಆರಿತು. ಅದರ ಕೆಳಗೆ ಸಿಂದಗಿಯ ದೀಪ ನಿಶ್ಚಿಂತೆಯಿಂದ ಉರಿಯುತ್ತಿತ್ತು.

“ಗಾಳಿಗಿ ಆರಿರಬೇಕು,” ಎಂದ ಗುರಪ್ಪ. ಅವನ ದನಿ ಅವನಿಗೇ ಕೇಳುವಂತಿರಲಿಲ್ಲ.

ಮತ್ತೆ ಹಚ್ಚಿ ಬಿಟ್ಟಳು. ಅದೇ ಜಾಗದಲ್ಲಿ ಮತ್ತೆ ಆರಿತು. ಬೀರಣ್ಣ ಕಾಲನ್ನು ಗುಂಡಿಯಿಂದ ಹೊರಗೆ ತೆಗೆದು, ಅಂಡು ಸರಿಸುತ್ತ ಹಿಂದೆ ಹಿಂದೆ ಹೋಗಿ ಗೋಡೆಗೆ ಒರಗಿದ.

ಮಧ್ಯಾಹ್ನದ ಹೊತ್ತಿಗೆ ಗುರಪ್ಪನಿಗೆ ಜೀವ ಬಂದಿತ್ತು. ಕಟ್ಟೆಯ ಮೇಲೆ ಕುಳಿತು, ತಾನೇ ಸೊಸೆಗೆ ರಸಾಯನಶಾಸ್ತ್ರ ಕಲಿಸಿದವನಂತೆ ಹೋಗಿಬರುವವರಿಗೆಲ್ಲ ವಿವರಿಸುತ್ತಿದ್ದ. ಸಂಜೆಯೊಳಗೆ ಒಬ್ಬ ಹೊಲದ ಮಣ್ಣು ಹಿಡಿದು ಬಂದ, ಇನ್ನೊಬ್ಬ ತಾಯಿಯ ರಕ್ತ ಪರೀಕ್ಷೆಯ ಕಾಗದ ತಂದ. ಸುವರ್ಣಾ ಒಳಗಿನಿಂದ ಚಿಲಕ ಹಾಕಿಕೊಂಡಳು. ಹೆದರಿದ್ದು ಹೆದರಿದ ಹಾಗೆಯೇ ಬಂದಿತ್ತು.

ಹಿತ್ತಲ ಬಾಗಿಲು ಬಡಿದವಳು ಶೇವಂತೆವ್ವ. ಕೈಯಲ್ಲಿ ಒಂದು ತಂಬಿಗೆ ಕುರಿಹಾಲು.

“ನನ್ನ ಕುಂಕುಮ ಉಳಿಸಿದ್ರಿ,” ಎಂದು ತಂಬಿಗೆ ಇಟ್ಟು, ಹೋಗದೆ ಅಲ್ಲೇ ಕುಳಿತಳು. “ಒಂದ್ ಮಾತ ಕೇಳ್ತೇನ್ರಿ, ಸಿಟ್ಟಾಗಬ್ಯಾಡ್ರಿ. ನಿಮಗ ಯಾವಾಗ ಗೊತ್ತಾತು?”

ಸುಳ್ಳು ಹೇಳಬಹುದಿತ್ತು. ಸುಳ್ಳು ನಾಲಗೆಯ ತುದಿಗೂ ಬಂದಿತ್ತು.

“ಮುಂಜಾನಿ,” ಎಂದಳು ಸುವರ್ಣಾ. “ಮಾವಾರು ದೀಪಾ ಹಚ್ಚಿ ತೋರಿಸಿದಾಗ.”

“ಮುಂಜಾನಿ.” ಶೇವಂತೆವ್ವ ಆ ಮಾತನ್ನು ಅಗಿದಂತೆ ಹೇಳಿದಳು. “ನಿಮ್ಮ ಕೈಲೆ ಚಾ ಇಸ್ಕೊಂಡು ಅವಗ ಕುಡಿಸಿದ್ನಲ್ಲ. ಆವಾಗೂ ಗೊತ್ತಿತ್ತು?”

“ಗೊತ್ತಿತ್ತು.”

ಶೇವಂತೆವ್ವ ಎದ್ದು, ಸೀರೆಯ ಧೂಳು ಕೊಡವಿಕೊಂಡು ಹೊರಟುಹೋದಳು. ಹಾಲಿನ ತಂಬಿಗೆ ಮುಟ್ಟಲು ಸುವರ್ಣಾಳಿಗೆ ಧೈರ್ಯ ಬರಲಿಲ್ಲ.

ಅವಳು ಹೇಳಿದಂತೆ ರಾಶಿ ತೂರುವ ಫ್ಯಾನಿಗೆ ಪೈಪು ಕಟ್ಟಿ ಆ ಇಡೀ ದಿನ, ಇಡೀ ರಾತ್ರಿ ಹಗೇವಿನ ತಳಕ್ಕೆ ಗಾಳಿ ಊದಿದ್ದರು. ಮರುದಿನ ಬೆಳಿಗ್ಗೆ ತೂಗುದೀಪ ತಳ ಮುಟ್ಟಿತು, ಜೋಳದ ಮೇಲೆ ಕುಳಿತು ನೆಟ್ಟಗೆ ಉರಿಯಿತು. ಅದನ್ನು ನೋಡಿ ಸುವರ್ಣಾ ಅಡುಗೆಮನೆಗೆ ಹೊರಳಿದ್ದಳು. ಹಿಂದಿನಿಂದ ಯಾರೋ ಅವಳ ಮಣಿಕಟ್ಟು ಹಿಡಿದರು.

“ಎಲ್ಲಿಗಿ?” ಎಂದಳು ಶೇವಂತೆವ್ವ. “ಬರ್ರಿ.”

ಗುಂಡಿಯ ಅಂಚಿಗೆ ಎಳೆದುಕೊಂಡು ಹೋಗಿ ಕೂರಿಸಿ, ತಾನೂ ಪಕ್ಕದಲ್ಲಿ ಕುಳಿತಳು. “ದೀಪದ ಮ್ಯಾಲ ಕಣ್ಣ ಇಡ್ರಿ. ಒಂಚೂರ ಸಣ್ಣ ಆತಂದ್ರ ಒದರ್ರಿ.”

ಬೀರಣ್ಣ ಇಳಿದ. ಬುಟ್ಟಿ ಕೆಳಗೆ ಹೋಗಿ ತುಂಬಿ ಮೇಲೆ ಬಂತು, ಮತ್ತೆ ಹೋಯಿತು. ಜೋಳ ಹಳದಿಗೆ ತಿರುಗಿತ್ತು, ಹಗೇವಿನ ಜೋಳಕ್ಕೆ ಸಹಜವಾದ ಹುಳಿ ವಾಸನೆ ಬರುತ್ತಿತ್ತು. ಸುವರ್ಣಾ ರೆಪ್ಪೆ ಬಡಿಯಲೂ ಹೆದರಿ ಜ್ವಾಲೆ ನೋಡುತ್ತಿದ್ದಳು. ಬಿಸಿಲು ನೆತ್ತಿಗೆ ಬಂತು. ಹೆಂಗಸರು ಜರಡಿ ಹಿಡಿಯುತ್ತಿದ್ದರು, ಗುರಪ್ಪ ಚೀಲದ ಬಾಯಿ ಹೊಲಿಯುತ್ತಿದ್ದ. ಶೇವಂತೆವ್ವನ ಕೈ ಸುವರ್ಣಾಳ ಮಣಿಕಟ್ಟಿನ ಮೇಲೆಯೇ ಇತ್ತು.

ಕೊನೆಯ ಬುಟ್ಟಿಯ ಹಿಂದೆ ಬೀರಣ್ಣ ಮೇಲೆ ಬಂದ. ಮೈ ತುಂಬ ಜೋಳದ ಧೂಳು, ಹುಬ್ಬೂ ಬೆಳ್ಳಗಾಗಿತ್ತು. ಕೆಮ್ಮಿ, ನೀರು ಕುಡಿದು, ಹೆಂಡತಿಯ ಕಡೆ ನೋಡಿದ.

“ಬಂದೆನಲ್ಲ,” ಎಂದ. “ಅಕ್ಕಾರ ಕೈ ಬಿಡು ಇನ್ನ.”

ಶೇವಂತೆವ್ವ ಬಿಡಲಿಲ್ಲ. ಅವಳ ಹಿಡಿತದಡಿ ಸುವರ್ಣಾಳ ಗಾಜಿನ ಬಳೆಗಳು ಚರ್ಮಕ್ಕೆ ಒತ್ತಿ, ಕೆಂಪನೆಯ ಗೆರೆಗಳು ಮೂಡಿದ್ದವು. ಸುವರ್ಣಾ ಕೈ ಎಳೆದುಕೊಳ್ಳಲಿಲ್ಲ. ಖಾಲಿ ಹಗೇವಿನ ತಳದಲ್ಲಿ ತೂಗುದೀಪ ಇನ್ನೂ ಉರಿಯುತ್ತಿತ್ತು, ಇಬ್ಬರೂ ಅದನ್ನೇ ನೋಡುತ್ತ ಕುಳಿತರು.