ಜಂಗಮರ ಹೊಲ

“ಇವು ಕಡೀವ್ರಿ ಭಾಬಿ,” ಎಂದು ಪುತಳಾಬಾಯಿ ಐದಾರು ಕೆಂಪು ಬಾಳೆಹಣ್ಣು ತೆಗೆದು ಮೆಹಬೂಬಿಯ ಕೈಗಿಟ್ಟಳು. “ಗಿಡ ಎಲ್ಲಾ ಜೇಸಿಬಿ ಹಚ್ಚಿ ಕೆಡವ್ಯಾರ. ಬಿದ್ದ ಗೊನೀದಾಗ ಹಣ್ಣಾಗಿದ್ದು ಇವಷ್ಟ.”

ಕಮಲಾಪುರದಿಂದ ಬೆಳಗಿನ ಬಸ್ಸಿಗೆ ಹೊರಟು ಮೋಮಿನಪುರದ ಮನೆ ಹುಡುಕಿಕೊಂಡು ಬಂದಿದ್ದಳು. ಹದಿನೈದು ದಿನದ ಕೆಳಗೆ ಸರಕಾರದ ಮಂದಿ ಬಂದು, ನಿನ್ನ ಮೂರೆಕರೆ ಕಾಡಿನ ಜಾಗ ಎಂದು ಹೇಳಿ ಆಕೆಯನ್ನು ಹೊರಗೆ ಹಾಕಿದ್ದರು. ಮೊದಲೇ ಒಂದು ನೋಟಿಸ್ ಇಲ್ಲ, ಕೇಳಿದರೆ ತೋರಿಸಲು ಅವರ ಕೈಯಲ್ಲಿ ಒಂದು ಕಾಗದವಿಲ್ಲ. ಗುರುವಾರ ದೊಡ್ಡ ಸಾಹೇಬರ ಮುಂದೆ ವಿಚಾರಣೆ. ನಿಜಾಮರ ಕಾಲದ ಉರ್ದು ದಾಖಲೆ ಓದುವವರು ಮೆಹಬೂಬಿಯ ಗಂಡ ಬುರ್ಹಾನುದ್ದೀನ್ ಮಾಸ್ತರರೊಬ್ಬರೇ ಉಳಿದಿದ್ದಾರೆ ಎಂದು ವಕೀಲರು ಕಳಿಸಿದ್ದರು.

ಮಾಸ್ತರರು ಭೂತಗನ್ನಡಿ ಹಿಡಿದು ಆಕೆ ತಂದ ಉರ್ದು ಹಾಳೆಯ ಮೇಲೆ ಬಾಗಿದರು. ಎಂಬತ್ತರ ಹತ್ತಿರದ ಕಣ್ಣು.

“ಸಾಗುವಳಿ ಮಾಡುವವನು, ಗುಂಡಣ್ಣ. ಯಾರಮ್ಮಾ ಇವರು?”

ಪುತಳಾಬಾಯಿ ತಟ್ಟನೆ ಸೆರಗು ತಲೆಯ ಮೇಲೆ ಎಳೆದುಕೊಂಡಳು. “ಅವರs ರೀ.”

“ಅವರು ಅಂದ್ರ?”

“ನಮ್ಮ ಮನ್ಯಾಗಿನವರ ಅಪ್ಪ. ಹೆಸರ ನಾ ಹ್ಯಾಂಗ ಹೇಳ್ಲಿರೀ?”

ಮೆಹಬೂಬಿ ನಕ್ಕಳು. “ಕೋರ್ಟಿನಾಗ ಕೇಳಿದ್ರೂ ಹಿಂಗs ಸೆರಗು ಎಳ್ಕೋತಿ ಏನು?”

ಮಾಸ್ತರರೂ ನಗುತ್ತ ಮುಂದಿನ ಪದಕ್ಕೆ ಬಂದರು. ಜಂಗಮ. ಜಂಗಮರಿಗೆ ಇನಾಮಾಗಿ ಬಿಟ್ಟ ಹೊಲ, ಗುಂಡಣ್ಣನ ಮನೆತನ ಉಳುತ್ತ ಬಂದಿದ್ದು. ಕಾಡಿನ ಮಾತೇ ಇಲ್ಲ.

“ಇದನ್ನ ಕನ್ನಡದಾಗ ನಕಲು ಮಾಡಿದ್ದು ಐತ್ರಿ,” ಎಂದು ಆಕೆ ಇನ್ನೊಂದು ಹಾಳೆ ಚಾಚಿದಳು. “ಅದರಾಗ ಕಾಡು ಅಂತ ಅದ ಅಂತ.”

ಅದರಲ್ಲಿ ‘ಜಂಗಲ್’ ಎಂದಿತ್ತು. ಸಾಗುವಳಿದಾರನ ಜಾಗದಲ್ಲಿ ಬರೀ ಒಂದು ಗೆರೆ.

ಮಾಸ್ತರರು ಆ ಅಕ್ಷರಗಳನ್ನೇ ನೋಡುತ್ತ ಕೂತರು. ತಲೆಕಟ್ಟುಗಳೆಲ್ಲ ಎಡಕ್ಕೆ ಜಾರಿದ್ದವು. ಉರ್ದು ಕಲಿತ ಕೈ ಕನ್ನಡದ ತಲೆಕಟ್ಟನ್ನೂ ಬಲದಿಂದ ಎಡಕ್ಕೆ ಎಳೆದಾಗ ಹಾಗಾಗುತ್ತದೆ. ಆ ಕೈ ಅವರದೇ. ಮಾಸ್ತರಿಕೆ ಸಿಗುವ ಮುಂಚೆ, ಉರ್ದು ದಾಖಲೆಗಳನ್ನು ಕನ್ನಡಕ್ಕೆ ಇಳಿಸುವ ದಿನಗೂಲಿ ಕೆಲಸಕ್ಕೆ ಹೋಗಿದ್ದರು. ಜಂಗಮಕ್ಕೂ ಜಂಗಲ್‌ಗೂ ಉರ್ದುವಿನಲ್ಲಿ ಕೊನೆಯ ಅಕ್ಷರವೊಂದೇ ಬೇರೆ, ಅವಸರದ ಬರಹದಲ್ಲಿ ಅದನ್ನು ಬಾಲದಿಂದಲೇ ಗುರುತಿಸಬೇಕು. ಮೀಮ್ ಎಂಬ ಮಕಾರದ ಬಾಲ ನೇರ ಕೆಳಗಿಳಿಯುತ್ತದೆ, ಲಾಮ್ ಎಂಬ ಲಕಾರದ್ದು ಬಟ್ಟಲಿನಂತೆ ಬಾಗುತ್ತದೆ. ಲಾಮ್ ಎಂದು ಓದಿದ ಹುಡುಗ, ಕಾಡಿನಲ್ಲಿ ಯಾರು ಉಳುತ್ತಾರೆ ಎಂದು ಗುಂಡಣ್ಣನ ಹೆಸರನ್ನೂ ಬಿಟ್ಟುಬಿಟ್ಟಿದ್ದ. ಅದೇ ಅವರಿಗೆ ಹೆಚ್ಚು ಚುಚ್ಚಿತು. ಓದುವಾಗ ಕಣ್ಣು ತಪ್ಪಬಹುದು. ಹೆಸರು ಬಿಟ್ಟಿದ್ದು ಮಾತ್ರ ಯೋಚಿಸಿಯೇ.

“ಗುರುವಾರ ನಾನೂ ಬರ್ತೀನಿ,” ಎಂದರು.

ಆಕೆ ಹೋದಮೇಲೆ ಹೆಂಡತಿಗೆ ಎಲ್ಲ ಹೇಳಿದರು. ಮೆಹಬೂಬಿ ಕೇಳಿ, “ಜೈಲಿಗೆ ಹಾಕ್ತಾರೇನು? ಹಾಕ್ಲಿ. ನಾ ಬುತ್ತಿ ತರ್ತೀನಿ,” ಎಂದಳು.

“ಸಾಹೇಬರದು ಹೆದರಿಕಿಲ್ಲ. ಆಕೀದು. ಹಣ್ಣು ಕೊಟ್ಟು ಹೋದಳು.”

ಮೆಹಬೂಬಿ ಒಂದು ಹಣ್ಣು ಸುಲಿದು ಅವರ ಕೈಗೆ ಕೊಟ್ಟಳು. ತಿನ್ನುವತನಕ ಎದುರಿಗೇ ಕೂತಳು.

ಗುರುವಾರ ಮಾಸ್ತರರು ಉರ್ದು ಹಾಳೆ ಓದಿ ಹೇಳಿದರು. ಅಲ್ಲಿಗೇ ಮುಗಿಯಬಹುದೆಂಬ ಸಣ್ಣ ಆಸೆ ಇತ್ತು. ಮುಗಿಯಲಿಲ್ಲ. ಸರಕಾರದ ಪರ ವಕೀಲ ಎದ್ದ. “ಕೊನೆಯ ಅಕ್ಷರ ಎರಡೂ ರೀತಿ ಕಾಣಿಸುತ್ತದೆ ಸರ್. ಆಗ ನಕಲು ಮಾಡಿದವನಿಗೆ ಉರ್ದು ಚೆನ್ನಾಗಿ ಬರುತ್ತಿತ್ತಲ್ಲ. ಅವನು ತಿಳಿಯದೆ ಬರೆದಾನೆಯೇ?”

ಸಾಹೇಬರು ಮಾಸ್ತರರ ಕಡೆ ನೋಡಿದರು. ಪುತಳಾಬಾಯಿಯೂ ನೋಡಿದಳು.

“ತಿಳಿಯದೆಯೇ ಬರೆದ ಸಾಹೇಬರೇ,” ಎಂದರು ಮಾಸ್ತರರು. “ಅವನು ನಾನೇ.”

ಸಾಹೇಬರು ಬಿಳಿ ಹಾಳೆ ಕೊಟ್ಟು ನಾಲ್ಕು ಸಾಲು ಬರೆಸಿದರು. ತಲೆಕಟ್ಟು ಈಗಲೂ ಎಡಕ್ಕೇ ಜಾರಿತು. ಅದನ್ನೂ ಹಳೆಯ ನಕಲನ್ನೂ ಪಕ್ಕಪಕ್ಕ ಇಟ್ಟುಕೊಂಡು ಸಾಹೇಬರು ಬಹಳ ಹೊತ್ತು ನೋಡಿದರು. ನೋಟಿಸ್ ಕೊಡದೆ ಎಬ್ಬಿಸಿದ್ದು ಕಾನೂನಿಗೆ ವಿರುದ್ಧ, ಹೊಲ ಮೊದಲಿನಂತೆ ಆಕೆಯ ವಶಕ್ಕೆ ಬಿಡಬೇಕು, ದಾಖಲೆ ತಿದ್ದುವ ಮುಂಚೆ ಅಳತೆಯಾಗಲಿ, ಅಲ್ಲಿಯತನಕ ಬೇರೆ ಯಾರೂ ಕಾಲಿಡಬಾರದು ಎಂದು ಬರೆಸಿದರು.

ಹೊರಗಿನ ಬೆಂಚಿನ ಮೇಲೆ ಇಬ್ಬರೂ ಕೂತರು. ಪುತಳಾಬಾಯಿ ತನ್ನ ಹಾಳೆಗಳನ್ನು ಮಡಿಚಿ ಚೀಲಕ್ಕಿಟ್ಟಳು. ಬೈದಿದ್ದರೆ ಮಾಸ್ತರರು ತಲೆತಗ್ಗಿಸಿ ಕೇಳುತ್ತಿದ್ದರು.

“ಆವಾಗ ನಿಮಗೆಷ್ಟು ವಯಸ್ಸರೀ?” ಕೊನೆಗೆ ಆಕೆ ಕೇಳಿದಳು.

“ಇಪ್ಪತ್ತು.”

“ಲಗ್ನ ಆಗಿತ್ತೇನ್ರಿ?”

“ಅದೇ ತಿಂಗಳು ಆಗಿತ್ತು.”

ಆಕೆ ಸೆರಗು ಬಾಯಿಗೆ ಹಿಡಿದು ನಕ್ಕಳು. “ಹಂಗಾದ್ರ ತಪ್ಪು ನಿಮ್ದಲ್ಲ ಬಿಡ್ರಿ. ಭಾಬೀದು.”

ಮಾಸ್ತರರಿಗೂ ನಗು ಬಂತು, ಕಣ್ಣೂ ತುಂಬಿತು. ಆಕೆ ನಗುವುದನ್ನು ನಿಲ್ಲಿಸಿದಳು.

“ಖರೇ ಹೇಳ್ತೀನ್ರಿ, ಗಿಡ ಬೀಳೂದು ನೋಡ್ಕೋತ ನಿಂತಿದ್ದೆ. ಅದನ್ನ ಮರೀಲಾಕ ಆಗಂಗಿಲ್ಲ ನಂಗ.”

“ಮರೀಬ್ಯಾಡ ತಾಯಿ.”

“ಅಳತಿ ದಿನ ನೀವು ಬರಬೇಕು. ಭಾಬೀನೂ ಕರ್ಕೊಂಡು ಬರ್ರಿ.” ಚೀಲ ಹೆಗಲಿಗೇರಿಸಿ ಎದ್ದಳು. “ನಮ್ಮ ಹೊಲ ನೀವು ಕಾಗದದಾಗಷ್ಟ ನೋಡೀರಿ.”