ಸೀಸದ ಅಂಚು

“ಇದರೊಳಗೆ ಯಾರಪ್ಪಾ ಕಬ್ಬಿಣ ತುಂಬಿಟ್ಟಿರೋದು?”

ಕೇಳಿದ್ದು ಯಾರನ್ನೂ ಅಲ್ಲ. ಹೊಲಿಗೆ ಕೋಣೆಯಲ್ಲಿ ನಾನೊಬ್ಬಳೇ ಇದ್ದೆ. ಸೂಜಿ ಟಕ್ಕೆಂದು ಮುರಿದು, ಅದರ ತುದಿ ನನ್ನ ಕನ್ನಡಕದ ಗಾಜಿಗೆ ಬಡಿದಿತ್ತು. ಯಂತ್ರದ ಸದ್ದಿನ ಜೊತೆಗೆ ಬಾಯಲ್ಲಿ ಓಡುತ್ತಿದ್ದ ಪದ್ಯ ಎರಡನೆಯ ಸಾಲಿನ ನಡುವೆ ನಿಂತುಹೋಯಿತು. ನಮ್ಮ ತಂದೆ ಬೆಳಗಿನ ಹೊತ್ತು ರಾಗವಾಗಿ ಹೇಳುತ್ತಿದ್ದ ಪದ್ಯಗಳು ಅವು. ಕದದ ಹಿಂದೆ ಕೂತು ಕೇಳಿ ಕೇಳಿಯೇ ನನಗೆ ಬಾಯಿಗೆ ಬಂದವು. ಅವುಗಳ ನಡೆಗೆ ಸರಿಯಾಗಿ ಕಾಲು ತುಳಿದರೆ ಹೊಲಿಗೆ ನೆಟ್ಟಗೆ ಬರುತ್ತದೆ.

ಶನಿವಾರ ಮಧ್ಯಾಹ್ನ. ಸರಕು ಅಂಗಳದ ಅರುವತ್ತು ಜಾಕೆಟ್ಟುಗಳ ಕೆಳ ಅಂಚಿಗೆ ಹೊಳೆಯುವ ಪಟ್ಟಿ ಹಚ್ಚಬೇಕೆಂದು ಮೇಲಿನಿಂದ ಅಪ್ಪಣೆಯಾಗಿತ್ತು. ಎಲ್ಲರೂ ಊಟಕ್ಕೆ ಹೋದಾಗ ಮೇಸ್ತ್ರಿ ಯಾರನ್ನೂ ಕೇಳದೆ ಗೂಟಗಳಲ್ಲಿದ್ದ ಜಾಕೆಟ್ಟುಗಳನ್ನು ತಳ್ಳುಗಾಡಿಯಲ್ಲಿ ತಂದು ಸುರಿದು ಹೋಗಿದ್ದ. ಈಗ ಯಂತ್ರದಡಿ ಇದ್ದ ಈ ಜಾಕೆಟ್ಟು ಭಾರವಾಗಿತ್ತು, ನಿಜ. ಯಾರೋ ಜೇಬಿನಲ್ಲಿ ಸ್ಪ್ಯಾನರ್ ಮರೆತಿರಬೇಕು ಎಂದುಕೊಂಡಿದ್ದೆ.

ಅಂಚು ಬಿಚ್ಚಿದೆ. ಸರಕು ಡಬ್ಬಿಗಳ ಬಾಗಿಲುಗಳಿಗೆ ಮುದ್ರೆ ಹಾಕುವ ಸೀಸದ ಬಿಲ್ಲೆಗಳು, ಸರದ ಮಣಿಗಳ ಹಾಗೆ ಒಂದರ ಪಕ್ಕ ಒಂದು. ಬೆನ್ನಿನ ಅಸ್ತರಿನ ಒಳಗೆ ಇನ್ನೂ ನಾಲ್ಕು ಸಾಲು. ಮೂಲೆಯಲ್ಲಿದ್ದ ತಕ್ಕಡಿಯ ಮೇಲೆ ಇಟ್ಟು ನೋಡಿದೆ. ಬೇರೆಯವರ ಜಾಕೆಟ್ಟು ಒಂದೂವರೆ ಕಿಲೋ. ಇದು ಒಂಬತ್ತು ತೋರಿಸಿತು.

ನಮ್ಮಲ್ಲಿ ನಾಲ್ಕು ತಿಂಗಳಿಂದ ತೂಕ ಇಳಿಸುವ ಕಾರ್ಯಕ್ರಮ ನಡೆಯುತ್ತಿದೆ. ಸೋಮವಾರ ಬೆಳಿಗ್ಗೆ ಗೇಟಿನ ಪಕ್ಕ ತೂಕ. ಅಲ್ಲಿ ಗಾಳಿ ಜೋರು ಎಂದು ಜಾಕೆಟ್ಟು, ಬೂಟು ಯಾರೂ ಬಿಚ್ಚುವುದಿಲ್ಲ. ನರ್ಸಮ್ಮ ಅದಕ್ಕೆಂದು ಎಲ್ಲರಿಗೂ ಮೂರು ಕಿಲೋ ಕಳೆದು ಬರೆದುಕೊಳ್ಳುತ್ತಾರೆ. ಹೆಚ್ಚು ಇಳಿದ ಗುಂಪಿಗೆ ಶನಿವಾರ ಅರ್ಧ ದಿನ ರಜೆ. ಆ ರಜೆಗಾಗಿ ಜನ ಬೆಳಗಿನ ತಿಂಡಿ ಬಿಟ್ಟು ಬರುತ್ತಾರೆ, ಯಂತ್ರದ ಮೇಲೆ ಉಸಿರು ಬಿಗಿ ಹಿಡಿದು ನಿಲ್ಲುತ್ತಾರೆ. ಗೋದಾಮಿನವನೊಬ್ಬ ತಲೆ ಬೋಳಿಸಿಕೊಂಡೇ ಬಂದಿದ್ದ. ಅಂಥ ಕಡೆ ಭಾರವನ್ನು ಕದ್ದು ಹೊತ್ತುಕೊಂಡು ಬರುವವನು ಯಾರು?

ಕಾಲರಿನ ಸಂಖ್ಯೆ ನೋಡುವ ಮೊದಲೇ ಅದು ಯಾರದೆಂದು ಹೊಲಿಗೆ ಹೇಳಿತು. ಜೋಡಿ ದಾರ, ಓರೆ ಟಾಕು, ಕೊನೆಗೆ ಮೂರು ಗಂಟು. ನಾನು ಆ ಮನೆಗೆ ಸೊಸೆಯಾಗಿ ಹೋದ ಹೊಸತರಲ್ಲಿ ಮೈದುನನಿಗೆ ಗುಂಡಿ ಹಾಕುವುದನ್ನು ಹೀಗೇ ಕಲಿಸಿದ್ದೆ. ಈಗ ಅವನು ಇಲ್ಲಿ ಕ್ರೇನ್ ನಡೆಸುತ್ತಾನೆ. ಗುಂಪಿನವರು ಕರೆಯುವುದು ‘ಡ್ರಮ್ಮು’ ಎಂದು. ಗುಂಪಿನಲ್ಲಿ ತೂಕ ಇಳಿಯದವನು ಅವನೊಬ್ಬನೇ.

ದೇವರೇ, ಎಂದೆ. ಇಳಿಯುತ್ತಿರುವುದನ್ನು ಮುಚ್ಚಿಡಲು ಈ ಭಾರ.

ಗಂಡ ಹೋಗಿ ಐದು ವರ್ಷವಾಯಿತು. ಅವರೂ ಹೀಗೇ ತೂಕ ಇಳಿಯುತ್ತಾ ಬಂದಿದ್ದರು. ಪ್ಯಾಂಟುಗಳನ್ನು ಮೂರು ಸಲ ಒಳಗೆ ಹಿಡಿದುಕೊಟ್ಟವಳು ನಾನೇ. “ಮದುಮಗನ ಹಾಗೆ ಆಗಿದ್ದೀರಿ” ಎಂದು ನಕ್ಕಿದ್ದೆ ಕೂಡ. ಮೂರು ತಿಂಗಳು ಮೊದಲೇ ಕರೆತರಬಾರದಿತ್ತೇ ಎಂದು ವೈದ್ಯರು ಆಮೇಲೆ ಕೇಳಿದ್ದರು.

ಬಾಗಿಲು ದಡಾರೆಂದು ತೆರೆಯಿತು. ಮೈದುನ, ಗೂಟ ಖಾಲಿ ಕಂಡು ಓಡಿ ಬಂದಿದ್ದ. ಮೇಜಿನ ಮೇಲೆ ಹರಡಿದ ಬಿಲ್ಲೆಗಳನ್ನು ನೋಡಿದ, ನನ್ನನ್ನು ನೋಡಿದ.

“ಜಾಕೆಟ್ಟಿಗೆ ಒಡವೆ ಮಾಡಿಸಿದ್ದೆ ಅತ್ತಿಗೆ. ಕಣ್ಣು ಬಿತ್ತಲ್ಲ ನಿಮ್ದು.”

ನಾನು ನಗಲಿಲ್ಲ. “ಹತ್ತಿರ ಬಾ.”

“ಕ್ರೇನ್ ಹಂಗೇ ಬಿಟ್ಟು ಬಂದಿದೀನಿ, ಆಮೇಲೆ...”

“ಬಾ ಅಂದೆ.”

ಬಂದ. ಅಂಗಿಯ ಒಳಗೆ ಒಂದರ ಮೇಲೊಂದು ಮೂರು ಸ್ವೆಟರ್ ಇದ್ದವು. ಅವನ್ನು ಎತ್ತಿ ಹಿಡಿಸಿ ಸೊಂಟಕ್ಕೆ ಟೇಪು ಸುತ್ತಿದೆ. ಹಿಂದಿನ ಸಲ ಸಮವಸ್ತ್ರ ಹೊಲಿದಾಗ ನಲವತ್ತನಾಲ್ಕು ಇಂಚು ಇತ್ತು. ಈಗ ಮೂವತ್ತೇಳು. ತಪ್ಪಿರಬೇಕೆಂದು ಮತ್ತೆ ಸುತ್ತಿದೆ. ಮೂವತ್ತೇಳೇ. ಬೆರಳಿಗೆ ಪಕ್ಕೆಲುಬು ತಾಗಿತು. ಎರಡು ತಿಂಗಳಿಂದ ಗಡ್ಡ ಬಿಟ್ಟಿದ್ದ. ಏನೋ ಹರಕೆ ಇರಬೇಕೆಂದು ನಾನು ಕೇಳಿಯೂ ಇರಲಿಲ್ಲ. ಅದರ ಒಳಗೆ ಕೆನ್ನೆಯೇ ಉಳಿದಿರಲಿಲ್ಲ.

ಅಷ್ಟರಲ್ಲಿ ಕಿಟಕಿಯ ಹೊರಗಿಂದ ಗೋದಾಮಿನ ಬೋಳುತಲೆಯವನ ದನಿ: “ಏ ಡ್ರಮ್ಮು! ಹೊಸ ಪ್ಯಾಂಟಿಗೆ ಅಳತೆ ಕೊಡ್ತಿದೀಯಾ? ಟೆಂಟಿನ ಬಟ್ಟೆ ತರಿಸ್ಲೇನೋ?”

“ತರಿಸು! ಉಳಿದಿದ್ರಲ್ಲಿ ನಿನ್ ಬುರುಡೆಗೊಂದು ಟೋಪಿ ಹೊಲಿಸ್ತೀನಿ!” ಇವನು ಟೇಪಿನೊಳಗೆ ನಿಂತುಕೊಂಡೇ ಕೂಗಿದ. ಹೊರಗೆ ನಗು ದೂರವಾಯಿತು. ನಾನು ಟೇಪು ಬಿಚ್ಚಿ ಮೇಜಿನ ಮೇಲಿಟ್ಟೆ.

“ಎಷ್ಟು ದಿನದಿಂದ?”

“ಮೂರು ತಿಂಗಳು ಇರಬೇಕು.”

“ಊಟ?”

“ಸೇರಲ್ಲ. ನಿಮ್ಮ ತಂಗಿಗೆ ಕ್ಯಾಂಟೀನಲ್ಲಿ ತಿಂದೆ ಅಂತೀನಿ, ಕ್ಯಾಂಟೀನಲ್ಲಿ ಮನೇಲಿ ತಿಂದೆ ಅಂತೀನಿ.” ನಿಮ್ಮ ತಂಗಿ ಎಂದರೆ ಅವನ ಹೆಂಡತಿ, ನನಗೆ ಓರಗಿತ್ತಿ. “ಅಣ್ಣನ ಥರ ಅಲ್ಲ ಇದು, ಅತ್ತಿಗೆ.”

ಅಣ್ಣನ ಮಾತು ನಾನು ಎತ್ತಿರಲಿಲ್ಲ. ಅವನೇ ಎತ್ತಿದ. ಹೇಳಿದ ಮೇಲೆ ಅವನಿಗೂ ಅದು ಕೇಳಿಸಿತು. ಸ್ಟೂಲು ಎಳೆದುಕೊಂಡು ಕೂತ.

“ತಿಂಗಳಲ್ಲಿ ಐದು ಕಿಲೋಗಿಂತ ಜಾಸ್ತಿ ಇಳಿದ್ರೆ ನರ್ಸಮ್ಮ ಡಾಕ್ಟ್ರ ಹತ್ರ ಕಳಿಸ್ತಾರೆ. ಡಾಕ್ಟ್ರು ಕಾಗದ ಕೊಡೋವರೆಗೂ ಕ್ರೇನ್ ಹತ್ತೋ ಹಂಗಿಲ್ಲ. ಹತ್ತೊಂಬತ್ತು ವರ್ಷ ಅತ್ತಿಗೆ. ಮೇಲೆ ಕೂತ್ರೆ ಮಾತ್ರ ನಾನು ಮನುಷ್ಯ.”

“ಅಲ್ಲೇ ಕೂತಿರುವಾಗ ತಲೆ ತಿರುಗಿದರೆ? ಕೆಳಗೆ ಜನ ಇರ್ತಾರೆ.”

ಅವನು ನೆಲ ನೋಡಿದ.

“ತಿರುಗಿದೆಯಾ?” ಎಂದೆ.

“ಒಂದ್ಸಲ. ಮೊನ್ನೆ. ಕೊಕ್ಕೆಯಲ್ಲಿ ಏನೂ ಇರಲಿಲ್ಲ, ಖಾಲಿ ಇತ್ತು.”

ಖಾಲಿ ಇತ್ತಂತೆ! ಕಿಟಕಿಯಾಚೆ ಅವನ ಕ್ರೇನು ತೋಳು ಚಾಚಿ ಸುಮ್ಮನೆ ನಿಂತಿತ್ತು. ಅದರ ನೆರಳಿನಲ್ಲೇ ಬೋಳುತಲೆಯವನು ಹಗ್ಗ ಸುತ್ತುತ್ತಿದ್ದ.

ಬಿಲ್ಲೆಗಳನ್ನೆಲ್ಲ ಎರಡೂ ಕೈಯಿಂದ ಬಳಿದು ಡ್ರಾಯರಿಗೆ ಸುರಿದೆ. ಬೀಗ ಹಾಕಿ ಕೀಲಿಯನ್ನು ಮುಷ್ಟಿಯಲ್ಲಿ ಹಿಡಿದೆ.

“ಏಳು. ನರ್ಸಮ್ಮ ನಾಲ್ಕು ಗಂಟೆವರೆಗೂ ಇರ್ತಾರೆ.”

“ಸೋಮವಾರ ಒಂದು ಸಲ ಅತ್ತಿಗೆ. ಒಂದೇ ಒಂದು ಸಲ. ಈ ತಿಂಗಳು ದಾಟಲಿ, ಆಮೇಲೆ ನಿಮ್ಮ ಜೊತೆ ಎಲ್ಲಿಗೆ ಬೇಕಾದ್ರೂ ಬರ್ತೀನಿ. ಅಣ್ಣನ ಆಣೆ.” ಅವನು ಕೈ ಚಾಚಿದ. ಕ್ರೇನಿನ ಹಿಡಿಕೆಗಳಿಂದ ಜಡ್ಡುಗಟ್ಟಿದ ಅಂಗೈ. “ಕೀಲಿ ಕೊಡಿ. ನೀವು ಏನೂ ನೋಡಲಿಲ್ಲ ಅಂತ ಇರಿ, ಸಾಕು.”

“ಕೊಡೋದಿಲ್ಲ,” ಎಂದೆ.