ಈ ವಾರ ಎಲ್ಲೆಲ್ಲಿ ಏನೇನು

ಇನ್ನೂ ಬಿಸಿ ಇವೆ, ಮೇಲಿನ ನಾಲ್ಕು ಚಾದರ ಆರಿವೆ, ಒಳಗಿನವು ಬಿಸಿ, ಕೈ ತೂರಿಸಿದರೆ ಈಗಷ್ಟೇ ಯಾರೋ ಎದ್ದುಹೋದ ಹಾಸಿಗೆಯ ಹಾಗೆ — ಎಂದುಕೊಳ್ಳುತ್ತ ಸತ್ಯವ್ವ ಬಿಳಿಯ ಮಡಿಕೆಗಳ ನಡುವೆ ಅಂಗೈಯನ್ನು ಹಾಗೇ ಇಟ್ಟುಕೊಂಡಳು, ಅಷ್ಟರಲ್ಲಿ ಕಪಾಟಿನ ತಗಡು ಸಣ್ಣಗೆ ನಡುಗತೊಡಗಿತು, ಬಂತು, ಎರಡೂವರೆಯ ವಿಮಾನ, ಗೋವಾದ ದಾಬೋಲಿಮ್‌ನ ವಿಮಾನ ನಿಲ್ದಾಣದ ಪಕ್ಕದ ಹೋಟೆಲಿನಲ್ಲಿ ಎಂಟು ವರ್ಷ ಚಾದರ ಮಡಚಿದವಳಿಗೆ ಗಡಿಯಾರ ಯಾಕೆ, ಇದು ಹೋದ ಮೇಲೆ ಕಾಲು ಗಂಟೆ ಆಕಾಶ ಸುಮ್ಮನಿರುತ್ತದೆ, ಅಷ್ಟರೊಳಗೆ ಹೇಳಿ ಮುಗಿಸಬೇಕು. ಈ ಬಟ್ಟೆಕೋಣೆಯಷ್ಟು ಒಳ್ಳೆಯ ಜಾಗ ಇಡೀ ಕಟ್ಟಡದಲ್ಲಿಲ್ಲ, ನಾಲ್ಕೂ ಗೋಡೆಗೆ ಚಾದರ, ಟಾವೆಲ್, ದಿಂಬಿನ ಚೀಲ, ಆಡಿದ ಮಾತು ಎಲ್ಲಿಗೂ ಬಡಿದು ಮರಳುವುದಿಲ್ಲ, ವಿದ್ಯಾ ಮೊದಲ ಸಲ ಕೇಳಿದಾಗಲೇ ಅಂದಿದ್ದಳು, ಮೌಶಿ, ನೀವು ರೇಡಿಯೋದಾಗ ಕುಂತು ಮಾತಾಡಿದಂಗ ಕೇಳಸ್ತೈತ್ರಿ, ನನ್ನ ದನಿ ಯಾರೂ ಪೂರಾ ಕೇಳೂದಿಲ್ಲ, ನಿಮ್ಮದು ಚಹಾದಂಗಡ್ಯಾಗ ಜೋರಾಗಿ ಹಚ್ಚಿ ಕೇಳ್ತಾರು. ಓದಿದ ಹುಡುಗಿ, ಬಿ.ಎ. ಮುಗಿಸಿ ಕೂಲಿಕಾರರ ಸಂಘಟನೆಯ ಕಚೇರಿಯಲ್ಲಿ ಕೂರುತ್ತಾಳೆ, ಪ್ರತಿ ಗುರುವಾರ ಮುಂಜಾನೆ ಈ ವಾರ ಎಲ್ಲೆಲ್ಲಿ ಏನೇನು ಸಭೆ, ಏನೇನು ಮೋರ್ಚಾ ಅಂತ ಬರೆದು ಕಳಿಸುತ್ತಾಳೆ, ಸತ್ಯವ್ವ ನಾಲ್ಕನೆಯ ಇಯತ್ತೆಯ ಓದಿನಲ್ಲಿ ಅಕ್ಷರ ಕೂಡಿಸಿ ಕೂಡಿಸಿ ಬಾಯಿಪಾಠ ಮಾಡಿಕೊಂಡು, ಮಧ್ಯಾಹ್ನದ ಊಟದ ಬಿಡುವಿನಲ್ಲಿ ಫೋನಿಗೆ ಹೇಳುತ್ತಾಳೆ, ಅದು ಹನ್ನೊಂದು ಗ್ರೂಪುಗಳಿಗೆ ಹೋಗುತ್ತದೆ, ಬಂದರಿನ ಹಮಾಲರಿಗೆ, ಸೆಂಟ್ರಿಂಗಿನವರಿಗೆ, ಬೀಚಿನಲ್ಲಿ ಸರ ಮಾರುವ ಲಮಾಣಿ ಹೆಂಗಸರಿಗೆ, ಓದಲು ಬಾರದವರಿಗೆ, ಓದಲು ಪುರುಸೊತ್ತಿಲ್ಲದವರಿಗೆ.

ವಿಮಾನ ಹೋಯಿತು. ಹೆಬ್ಬೆರಳು ಒತ್ತಿದಳು, ಒತ್ತಿ ಹಿಡಿದಿರುವತನಕ ದನಿ ತುಂಬುತ್ತದೆ, ಎತ್ತಿದರೆ ಹೊರಟುಹೋಗುತ್ತದೆ, ಎಡಕ್ಕೆ ಜಾರಿಸಿದರೆ ಅಳಿದುಹೋಗುತ್ತದೆ — ಶರಣ್ರಿ ಎಲ್ಲಾರಿಗೂ, ನಾನು ಸತ್ಯವ್ವ ಮಾತಾಡಾಕತ್ತೇನಿ, ಈ ವಾರದ ಕಾರ್ಯಕ್ರಮ ಕೇಳ್ರಿ, ನಾಳಿ ಶುಕ್ರವಾರ ಮ್ಹಾಪಸಾದ ಸಂತಿ ಮುಗಿದ ಮ್ಯಾಲ, ಐದಕ್ಕ, ಬಸ್ ಸ್ಟ್ಯಾಂಡಿನ ಹಿಂದ, ರಸ್ತಾದ ಮ್ಯಾಲ ಕುಂತು ಮಾರೋರದು ಸಭಾ ಐತಿ, ಗುರುತಿನ ಚೀಟಿ ಯಾರ್ಯಾರಿಗೆ ಸಿಕ್ಕಿಲ್ಲ ಅವರು ಆಧಾರ್ ಕಾರ್ಡು ತಗೊಂಡು ಬರ್ರಿ. ಚಲೋ ಬಂತು, ಉಸಿರು ಸರಿಯಾಗಿದೆ. ಶನಿವಾರ ಸಂಜಿ ನಾಲ್ಕಕ್ಕ ಬಾಯ್ನಾದಾಗ, ಹಿಂದಕ ಮನಿ ಕಳಕೊಂಡವರೆಲ್ಲಾ ಕೂಡಾಕತ್ತಾರು, ಹಳೇ ಕಾಗದ, ಹಳೇ ಫೋಟೋ ಇದ್ರ ತರ್ರಿ — ಫೋಟೋ ಎಲ್ಲಿಯದು, ಬುಲ್ಡೋಜರ್ ಬಂದ ದಿನ ಮಳೆ ಸಣ್ಣಗೆ ಹನಿಯುತ್ತಿತ್ತು, ಮನೆಯವರು ಪಾತ್ರೆ ಬಿಟ್ಟರು, ಹಾಸಿಗೆ ಬಿಟ್ಟರು, ಬಾಗಿಲನ್ನು ಮಾತ್ರ ಕಿತ್ತು ತಲೆಯ ಮೇಲೆ ಹೊತ್ತರು, ಹಲಸಿನ ಮರದ ಬಾಗಿಲು, ಹೊಸದಾಗಿ ಮಾಡಿಸಿದ್ದು, ಅವರು ಮುಂದೆ ಬಾಗಿಲು ಹೊತ್ತು, ಇವಳು ಹಿಂದೆ ಕೂಸು ಹೊತ್ತು, ಮನೆಯಿಲ್ಲದ ಬಾಗಿಲು ತಗೊಂಡು ಏನ ಮಾಡ್ತೀರಿ ಅಂತ ಕೇಳಿದರೆ, ಬಾಗಿಲಿದ್ರ ಅದರ ಸುತ್ತ ಮನಿ ಕಟ್ಟಬಹುದು ಬಾ ಅಂದಿದ್ದರು, ಕಟ್ಟಿದರು ಕೂಡ, ಅಂಥ ಮನುಷ್ಯ — ಅಂಥ ಮನುಷ್ಯ ಅಂದುಕೊಂಡ ಕೂಡಲೇ ನಾಲಿಗೆ ನಿಂತಿತು, ಮೂರನೆಯ ಸಾಲು ಬಂದಿತ್ತು. ಬೆರಳು ಎಡಕ್ಕೆ ಜಾರಿತು. ಅಳಿದುಹೋಯಿತು.

ಆಯ್ತಾರ ಮುಂಜಾನೆ ಹತ್ತಕ್ಕೆ, ವಾಸ್ಕೋದಲ್ಲಿ ಸಂಘಟನೆಯ ಸಭಾಭವನದಲ್ಲಿ ಅಹವಾಲು ಸಭೆ, ಕಟ್ಟಡದ ಮೇಲಿಂದ ಬಿದ್ದು ಸತ್ತ ಲೋಕಪ್ಪನ ವಿಷಯ, ಆ ದಿನ ಕೆಲಸದಲ್ಲಿದ್ದವರು ಕಂಡದ್ದನ್ನು ಬಂದು ಹೇಳಬೇಕು, ಮುಕಾದಮ ಕಂಠೆಪ್ಪ ಅವರೂ ಬರಬೇಕೆಂದು ವಿನಂತಿ. ವಿದ್ಯಾ ಬರೆದ ಮಾತು ಇಷ್ಟೇ, ಒಂದು ಅಕ್ಷರ ಹೆಚ್ಚಿಲ್ಲ, ಬೈಗುಳವಿಲ್ಲ. ಲೋಕಪ್ಪ ಯಾರು, ದೇವಿಬಾಯಿಯ ಗಂಡ, ಹಿಂದಿನ ಓಣಿಯವನು, ಬೆಳಿಗ್ಗೆ ಡಬ್ಬಿ ಹಿಡಿದು ಹೋಗುವಾಗ ಅಕ್ಕಾರ, ಬರ್ತೇನ್ರಿ ಅಂತ ಹೇಳದೆ ಹೋದವನಲ್ಲ, ಶ್ರಾವಣದಲ್ಲಿ ಆರನೆಯ ಮಜಲಿನ ಹಲಗೆಯಿಂದ ಬಿದ್ದ. ಕಂಠೆಪ್ಪ ಯಾರು, ಈ ಸತ್ಯವ್ವನ ಗಂಡ, ಆ ಕಟ್ಟಡದಲ್ಲಿ ಆಳುಗಳನ್ನು ನೋಡಿಕೊಳ್ಳುವ ಮುಕಾದಮ, ಗುತ್ತಿಗೆದಾರ ಬರೆಸಿಟ್ಟ ಕಾಗದವನ್ನು ಹಿಂದಿಯಲ್ಲಿ ಓದಿಸಿಕೊಂಡು ಕನ್ನಡದಲ್ಲಿ ಸಹಿ ಮಾಡಿದವರು, ಬೀಳದ ಹಾಗೆ ಕಟ್ಟಿಕೊಳ್ಳುವ ಬೆಲ್ಟು ಕೊಟ್ಟಿದ್ದೆವು, ಲೋಕಪ್ಪ ಹಾಕಿಕೊಳ್ಳಲಿಲ್ಲ ಅಂತ. ತಪ್ಪು ಸತ್ತವನದೇ ಆಯಿತು. ಹದಿನೈದು ದಿನ ಬಿಟ್ಟು ಒಂದು ಸಂಜೆ ನಳದ ಕೆಳಗೆ ಮೊಳಕೈತನಕ ಸಿಮೆಂಟು ತಿಕ್ಕಿ ತೊಳೆಯುತ್ತ, ಬೆನ್ನು ಇವಳ ಕಡೆಗೇ ಇತ್ತು, ಬೆಲ್ಟು ಆಮ್ಯಾಲ ಬಂದ್ವು ಅಂದರು. ಏನ್ರಿ. ಅಂವ ಬಿದ್ದ ಮ್ಯಾಲ ತಂದ್ರು, ಹೊಸಾವು, ಮಣ್ಣಾಗ ಹೊರಳಿಸಿ ಗ್ವಾಡಿಗೆ ತೂಗು ಹಾಕಿದ್ರು. ಅಷ್ಟು ಹೇಳಿ ನಳ ಬಂದ್ ಮಾಡಿದರು, ಟಾವೆಲ್ ಕೊಡು ಅಂದರು, ಇವಳು ಕೊಟ್ಟಳು, ಅವತ್ತಿನಿಂದ ರೊಟ್ಟಿ ಮುರಿದಿಟ್ಟುಕೊಂಡು ತಾಟು ನೋಡುತ್ತ ಕೂತಿರುತ್ತಾರೆ, ಬರುವಾಗ ಹಿಂದಿನ ಓಣಿ ಬಿಟ್ಟು ಸುತ್ತುಹಾಕಿ ಬರುತ್ತಾರೆ, ಅಷ್ಟೇ.

ಸುತ್ತುಹಾಕಲು ಗಂಡಸರಿಗೆ ಬೇರೆ ದಾರಿ ಇರುತ್ತದೆ, ಹೆಂಗಸರಿಗೆ ನಳ ಒಂದೇ. ಮೊನ್ನೆ ಸೋಮವಾರ ಕೊಡ ತುಂಬಿತ್ತು, ಎತ್ತಲು ಸೊಂಟ ಏಳಲಿಲ್ಲ, ಹಿಂದಿನಿಂದ ಎರಡು ಕೈ ಬಂದವು, ಬಳೆ ಇಲ್ಲದ ಕೈ, ಮೊಣಕೈತನಕ ಇದ್ದ ಬಿಳಿ ಬಳೆಗಳ ಜಾಗದಲ್ಲಿ ಚರ್ಮ ಬೆಳ್ಳಗೆ, ಹೊರಸಲೇನ್ರಿ ಅಕ್ಕಾರ ಅಂದಳು ದೇವಿಬಾಯಿ, ಹೊರಿಸಿದಳು, ಸೆರಗು ಸರಿಮಾಡಿದಳು, ಸಾವಕಾಶ ಹೋಗ್ರಿ, ಅಲ್ಲಿ ರಾಡಿ ಐತಿ. ಏನಾದರೂ ಕೇಳಿದ್ದರೆ ಆಗುತ್ತಿತ್ತು, ನಿನ್ನ ಗಂಡ ಹಿಂಗ ಮಾಡಿದ್ನಲ್ಲ ಅಂತ ಕೂಗಿದ್ದರೂ ಆಗುತ್ತಿತ್ತು, ಮನೆತನಕ ಆ ನೀರು ಕಲ್ಲು ತುಂಬಿದ ಹಾಗೆ ಭಾರವಾಗಿತ್ತು. ಆಕೆಗೂ ಗೊತ್ತಿರಬೇಕು, ಓಣಿಗೆಲ್ಲ ಗೊತ್ತಿರಬೇಕು, ಹೋದ ವಾರವೂ ಇದೇ ಸಾಲು ಇತ್ತು ಎಂಬುದು ಮಾತ್ರ ಓಣಿಯಲ್ಲಿ ಯಾರಿಗೂ ಗೊತ್ತಿಲ್ಲ. ಹೋದ ವಾರ ವಿದ್ಯಾ ಮನೆಯತನಕ ಬಂದಿದ್ದಳು, ಮೌಶಿ, ತಪ್ಪ ತಿಳಕೋಬ್ಯಾಡ್ರಿ, ಎಲ್ಲಾರೂ ಕೂಡೇ ಹೆಸರು ಹಾಕೂಣು ಅಂದ್ರು, ನಿಮಗ ತ್ರಾಸಾಗ್ತಿದ್ರ ಈ ಸಲ ನಾನ ಹೇಳ್ತೇನಿ ಅಂದಳು, ಬ್ಯಾಡ ಯವ್ವಾ, ನಾನ ಹೇಳ್ತೇನಿ ಅಂದ ಸತ್ಯವ್ವ ಶುಕ್ರವಾರದ್ದು ಹೇಳಿ, ಶನಿವಾರದ್ದು ಹೇಳಿ, ನೇರ ಸೋಮವಾರಕ್ಕೆ ಹಾರಿಬಿಟ್ಟಿದ್ದಳು. ಸಂಜೆ ಫೋನು ಬಂತು, ಮೌಶಿ, ಒಂದು ಬಿಟ್ಟುಹೋತಲ್ರಿ, ವಿಮಾನ ಬಂತೇನು. ಹೂಂ ಯವ್ವಾ, ವಿಮಾನ ಬಂತು. ಖರೇ ಅಂದರೆ ಆಕಾಶದಲ್ಲಿ ಒಂದು ಕಾಗೆ ಕೂಡ ಇರಲಿಲ್ಲ. ಆ ಹುಡುಗಿ ಇವಳಿಗೋಸ್ಕರ ಸಭೆಯನ್ನೇ ಒಂದು ವಾರ ಮುಂದಕ್ಕೆ ಹಾಕಿಸಿದಳು, ಇವತ್ತಿನ ಬರಹದ ಕೊನೆಗೆ ಒಂದು ಸಾಲು ಬೇರೆ ಸೇರಿಸಿದ್ದಾಳೆ, ಯಜಮಾನರ ಹೆಸರು ಬಾಯಿಲೆ ಹೇಳೂದು ಕಷ್ಟ ಆದ್ರ ಮುಕಾದಮರು ಅಂತಷ್ಟ ಅನ್ರಿ, ನಡೀತೈತಿ.

ನಡೆಯುತ್ತದೆ. ಎಷ್ಟು ಸಲೀಸು. ಮೂವತ್ತು ವರ್ಷ ಆ ಹೆಸರು ಹೇಳಿದವಳಲ್ಲ, ರೇಷನ್ ಕಚೇರಿಯಲ್ಲಿ ಗಂಡನ ಹೆಸರೇನು ಅಂದರೆ ಅದರ ಮ್ಯಾಲ ಐತಿ ನೋಡ್ರಿ ಅಂತ ಕಾರ್ಡು ಮುಂದಕ್ಕೆ ಸರಿಸಿದವಳು, ಯಾರೂ ತಪ್ಪು ಹಿಡಿಯುವುದಿಲ್ಲ, ಮುಕಾದಮರು ಅಂದರೆ ಮುಗಿಯಿತು, ಆದರೆ ಆ ಕಟ್ಟಡಕ್ಕೆ ನಾಲ್ವರು ಮುಕಾದಮರು, ನಿನ್ನನ್ನೇ ಕರೆದದ್ದು ನಿನ್ನನ್ನೇ ಕರೆದದ್ದು ಅಂತ ಒಬ್ಬರ ಮುಖ ಒಬ್ಬರು ನೋಡಿ ನಾಲ್ವರೂ ಮನೆಯಲ್ಲಿ ಉಳಿಯುತ್ತಾರೆ, ಇವಳ ಮನೆಯವರೂ ಆಯ್ತಾರ ಹೊದ್ದು ಮಲಗುತ್ತಾರೆ, ಎದ್ದು ತಾಟು ನೋಡುತ್ತ ಕೂರುತ್ತಾರೆ, ಮುಂದಿನ ಆಯ್ತಾರವೂ, ಅದರ ಮುಂದಿನದೂ. ಅಪ್ಪ ಇದ್ದಿದ್ದರೆ ಏನನ್ನುತ್ತಿದ್ದ. ಅಪ್ಪ ಊರಲ್ಲಿ ಡಂಗುರ ಸಾರುವವ, ಹಲಿಗೆ ಬಡಿದು ನಿಂತನೆಂದರೆ ಮೂರು ಓಣಿಗೆ ದನಿ ಮುಟ್ಟುತ್ತಿತ್ತು, ಒಮ್ಮೆ ದೈವದವರು, ಊರಿನ ಹಿರಿಯರು, ಕಾಕಾನನ್ನೇ ಕುಲದಿಂದ ಹೊರಗಿಟ್ಟರು, ಸಾರು ಅಂದರು, ಅಪ್ಪ ತನ್ನ ತಮ್ಮನ ಬಾಗಿಲ ಮುಂದೆಯೇ ನಿಂತು ಸಾರಿದ, ದನಿ ಒಂದಿಷ್ಟೂ ಇಳಿಸಲಿಲ್ಲ, ಬಂದು ಹಲಿಗೆ ಮೂಲೆಗಿಟ್ಟು ಎರಡು ದಿನ ಉಣ್ಣಲಿಲ್ಲ. ಸಣ್ಣವಳಿದ್ದ ಸತ್ಯವ್ವನಿಗೆ ಸಿಟ್ಟು ಬಂದಿತ್ತು, ಈಗಲೂ ಸಿಟ್ಟೇ, ಅವರು ಹೇಳಿದ್ದನ್ನು ಇವನು ಯಾಕೆ ಸಾರಬೇಕಿತ್ತು, ಅದು ಹೊರಗೆ ಹಾಕುವ ಡಂಗುರ — ಆದರೆ ಇದು, ಇದು ಹಾಗಲ್ಲವಲ್ಲ, ಇದು ಬಾ ಅನ್ನುವುದು, ಹೊರಗೆ ನಿಂತವನನ್ನು ಹೆಸರು ಹಿಡಿದು ಒಳಗೆ ಕರೆಯುವುದು. ಅಪ್ಪನಿಗೆ ಅಂಥದ್ದೊಂದನ್ನು ಸಾರುವ ಭಾಗ್ಯ ಬರಲೇ ಇಲ್ಲ.

ಗಂಟಲು ಸರಿಮಾಡಿಕೊಂಡಳು. ಇನ್ನು ಎಂಟು ನಿಮಿಷ. ಒತ್ತಿದಳು, ಶರಣ್ರಿ ಎಲ್ಲಾರಿಗೂ, ಮ್ಹಾಪಸಾ ಹೇಳಿದಳು, ಬಾಯ್ನಾ ಹೇಳಿದಳು, ಆಯ್ತಾರ ಮುಂಜಾನಿ ಹತ್ತಕ್ಕ ವಾಸ್ಕೋದಾಗ, ಲೋಕಪ್ಪನ ವಿಷಯ, ಆ ದಿವಸ ಕೆಲಸದ ಮ್ಯಾಲ ಇದ್ದವರು ಬರ್ರಿ, ಕಂಡಿದ್ದು ಹೇಳ್ರಿ, ಹೆಬ್ಬೆರಳು ಬೆವೆತು ಗಾಜಿನ ಮೇಲೆ ಜಾರುವ ಹಾಗಾಯಿತು, ಗಟ್ಟಿ ಒತ್ತಿದಳು, ಮುಕಾದಮ ಕಂಠೆಪ್ಪ ಅವರೂ ಬರಬೇಕು — ಹೊರಬಂತು, ಯಾರದೋ ಹೆಸರಿನ ಹಾಗೆ, ಹೊಸ ಕೂಸಿಗಿಟ್ಟ ಹೆಸರಿನ ಹಾಗೆ, ಸುಮ್ಮನೆ ಮೂರು ಅಕ್ಷರ, ಬಾಯಿ ಸುಡಲಿಲ್ಲ, ಬರೆದಿರದ ಮಾತೂ ಅದರ ಬೆನ್ನಿಗೇ ಬಂತು, ಕಂಠೆಪ್ಪ ಅವರ, ಬರ್ರಿ, ನಾನೂ ಸಂಗಾಟ ಬರ್ತೇನಿ. ಸೋಮವಾರ ಪಣಜಿಯ ಆಝಾದ್ ಮೈದಾನದಾಗ ಮನಿಗೆಲಸದ ಹೆಣ್ಣುಮಕ್ಕಳದು ಧರಣಿ ಐತಿ, ಬಸ್ಸು ಎಂಟಕ್ಕ ಬಿಡ್ತೈತಿ, ಶರಣ್ರಿ. ಬೆರಳು ಎತ್ತಿದಳು.

ಹೋಯಿತು. ಫೋನಿನ ಮೇಲೆ ಒಂದು ಗೆರೆ, ಎರಡು ಗೆರೆ, ನೀಲಿ. ಮೌಶಿ, ಮುಗೀತೇನ್ರಿ, ನಾಲ್ಕನೇ ಮಜಲಿಗೆ ಹನ್ನೆರಡು ಟಾವೆಲ್ ಬೇಕಂತ, ಜೊತೆಗೆ ಕೆಲಸ ಮಾಡುವ ಅಫ್ರೋಜ ಬಾಗಿಲಲ್ಲಿ ತಲೆ ಹಾಕಿದಳು, ಇವಳ ಮುಖ ನೋಡಿ ತಾನೇ ಎಣಿಸಿಕೊಂಡು ಹೋದಳು. ದಿಂಬಿನ ಚೀಲಗಳನ್ನು ಮಡಚಬೇಕು, ಮೂಲೆಗೆ ಮೂಲೆ, ಅವರು ಏನು ಮಾಡುತ್ತಿರಬಹುದು, ಚಹಾದ ಹೊತ್ತು ಇದು, ಹೊಸ ಕಟ್ಟಡದ ಮುಂದಿನ ಅಂಗಡಿಯಲ್ಲಿ ಎಲ್ಲರ ನಡುವೆ, ಯಾರೋ ಫೋನು ಜೋರು ಮಾಡಿರುತ್ತಾರೆ, ಹೆಂಡತಿಯ ಬಾಯಲ್ಲಿ ತಮ್ಮ ಹೆಸರು, ಕಪ್ಪು ಕೆಳಗಿಟ್ಟರೋ, ಎದ್ದು ಹೋದರೋ, ಇವತ್ತು ಮನೆಗೆ ಬರುತ್ತಾರೋ — ಫೋನು ನಡುಗಿತು, ಅವರದೇ. ನಾನ, ಅಂದರು. ಹೂಂ. ಹೆಸರು ಹೇಳಿದಿ. ಹೂಂ, ಹೇಳಿದೆ. ಹಿಂದೆ ಕಾಂಕ್ರೀಟಿನ ಮಿಕ್ಸರು ಗರಗರ ತಿರುಗುವ ಸಪ್ಪಳ, ಯಾರೋ ಕೆಮ್ಮಿದರು. ಎಲ್ಲಾರೂ ಕೇಳಿದ್ರು. ಕೇಳ್ಲಿ ಅಂತನ ಹೇಳಿದ್ದು, ನಿಮಗ ಸಿಟ್ಟು ಬಂತೇನ್ರಿ. ಸಿಟ್ಟು ಬಂದಿದ್ದರೆ ಜೋರು ಮಾಡುತ್ತಿದ್ದರು, ಅವರು ದನಿ ಸಣ್ಣದು ಮಾಡಿ, ಆಕಿ ಬರ್ತಾಳೇನು. ಯಾರು, ಅಂದಳು, ಗೊತ್ತಿದ್ದೂ. ದೇವಿಬಾಯಿ. ಬರ್ತಾಳ. ಮತ್ತೆ ಮಿಕ್ಸರು, ಮತ್ತೆ ಕೆಮ್ಮು. ಆಕಿ ಬಂದ್ರ, ಅಂದರು, ಆಕಿ ಬಂದ್ರ ನಾ ಎಲ್ಲಿ ಕುಂದ್ರಲಿ.

ತಗಡು ನಡುಗಿತು, ವಿಮಾನ ಬಂತು, ಇವಳು ಕಾದಳು, ಆ ಕಡೆ ಅವರೂ ಕಾದರು, ವಿಮಾನ ಹೋದ ಮೇಲೆ, ಆಯ್ತು, ಸಂಜಿಗೆ ಬರ್ತೇನಿ ಅಂತ ಫೋನು ಇಟ್ಟರು. ಎಲ್ಲಿ ಕೂರಬೇಕು. ಸಭಾಭವನ ಕಂಡದ್ದೇ, ಕಿಟಕಿ ಎರಡು, ಫ್ಯಾನು ಮೂರು, ವಿದ್ಯಾ ಮುಂಜಾನೆಯೇ ಬಂದು ಪ್ಲಾಸ್ಟಿಕ್ ಕುರ್ಚಿ ಸಾಲುಗಟ್ಟಿ ಇಡುತ್ತಾಳೆ, ಕೆಂಪು ಕುರ್ಚಿ, ದೇವಿಬಾಯಿ ಮೊದಲ ಸಾಲಿನಲ್ಲಿ, ಅವರನ್ನು ಕೊನೆಯ ಸಾಲಿಗೆ ಕೂರಿಸಿದರೆ ಬಾಗಿಲು ಹತ್ತಿರ, ಎದ್ದು ಹೋಗಿಬಿಡಬಹುದು, ನಡುವೆ ಕೂರಿಸಿದರೆ ಸುತ್ತಲಿನವರ ಕಣ್ಣು, ಗೋಡೆಯ ಕಡೆಗೆ, ಅಲ್ಲಿ ಫ್ಯಾನಿಲ್ಲ, ಮುಂದೆ ತಾನು ಕೂತು ಅವರನ್ನು ತನ್ನ ಹಿಂದೆ, ಛೇ, ಅದು ಅಡಗಿಸಿಟ್ಟ ಹಾಗೆ. ಚೀಲ ಮಡಚಿದಳು, ಇಟ್ಟಳು. ದೇವಿಬಾಯಿಯ ಎಡಕ್ಕೆ ಅವಳ ಅತ್ತೆ, ಬಲಕ್ಕೆ ಒಂದು ಕುರ್ಚಿ. ಇನ್ನೊಂದು ಚೀಲ. ಬಲಕ್ಕೆ ಒಂದು ಕುರ್ಚಿ, ಅದರಲ್ಲಿ ಮನಸ್ಸಿನಲ್ಲೇ ಯಾರನ್ನು ಕೂರಿಸಿ ನೋಡಿದರೂ ಎದ್ದುಬಿಡುತ್ತಾರೆ, ವಿದ್ಯಾ ಎದ್ದಳು, ತಾನೂ ಎದ್ದಳು, ಅವರೊಬ್ಬರನ್ನು ಕೂರಿಸಿ ನೋಡಿರಲಿಲ್ಲ. ಮೂಲೆಗೆ ಮೂಲೆ. ಮಡಚಿದ ಚೀಲ ಕೈಯಲ್ಲೇ ಉಳಿಯಿತು. ದೇವಿಬಾಯಿ ತಿರುಗಿ ನೋಡುವುದಿಲ್ಲ, ಕೈ ಮಡಿಲಲ್ಲಿ, ಬಳೆ ಇಲ್ಲದ ಕೈ, ಆ ಕೈಗೆ ಒಂದು ಗೇಣು ದೂರದಲ್ಲಿ ಕುರ್ಚಿ, ಕೆಂಪು, ಒರೆಸಿಟ್ಟದ್ದು, ಖಾಲಿ.